ಮನೆಮಗನ ಕಲ್ಲು: ಯುದ್ಧಕಾಲದಲ್ಲಿ ಸತ್ತ ನೌಕರನನ್ನು ನೆನೆಯುವ ಬಗೆ

ಯುದ್ಧದಲ್ಲಿ ಸತ್ತವನ ಕಲ್ಲು ಅಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಬಿಲ್ಲು ಹೂಡಿದವನು, ಕತ್ತಿ ಎತ್ತಿದವನು, ಕುದುರೆ ಏರಿದವನು. ಆದರೆ ಯುದ್ಧ ಬರೀ ಸೈನಿಕರನ್ನು ಕೊಂಡೊಯ್ಯುವುದಿಲ್ಲ. ಲೆಕ್ಕ ಬರೆಯುವವನು, ಕಾಗದಕ್ಕೆ ಸಹಿ ಹಾಕುವವನು, ಧಣಿಯ ಮನೆಯಲ್ಲಿ ಊಳಿಗ ಮಾಡುವವನು, ಇವರೂ ಹೋಗುತ್ತಾರೆ. ಇಂಥವರಿಗೆ ಕಲ್ಲು ಯಾರು ನಿಲ್ಲಿಸುತ್ತಾರೆ, ಏನಂತ ಬರೆಸುತ್ತಾರೆ ಎನ್ನುವುದು ಈ ಬರಹದ ವಿಷಯ.

ಇದಕ್ಕೆ ಕಾರಣವಾದದ್ದು ಒಬ್ಬ ಬ್ಯಾಂಕ್ ನೌಕರನ ಸಾವು. ಹೆಸರು ಚಾರ್ಲ್ಸ್ ಫ್ರೆಡರಿಕ್ ಹೈಡ್. ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನ ಅಧಿಕಾರಿ. 1943ರ ಅಕ್ಟೋಬರ್ 29ರಂದು ಹಾಂಗ್‌ಕಾಂಗಿನ ಸ್ಟ್ಯಾನ್ಲಿಯಲ್ಲಿ ಜಪಾನಿ ಸೇನೆ ಅವರ ತಲೆ ಕಡಿಯಿತು. ಅವರು ಕೋವಿ ಹಿಡಿದು ಕಾದಿದವರಲ್ಲ. ಎಲ್ಲಿಯ ಹಾಂಗ್‌ಕಾಂಗ್, ಎಲ್ಲಿಯ ಕನ್ನಡ ಶಾಸನ ಅಂತ ನೀವು ಕೇಳಬಹುದು. ಆದರೆ ಇಂಥ ಸಾವಿನ ಸ್ಮಾರಕವನ್ನು ಓದುವ ವಿದ್ಯೆಯನ್ನು ನಮಗೆ ಕಲಿಸುವ ಕಲ್ಲುಗಳು ನಮ್ಮಲ್ಲೇ ಇವೆ, ಅದೂ ಕಾವೇರಿಯ ದಂಡೆಯ ಹೆಮ್ಮಿಗೆ, ತಲಕಾಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ. ಮೊದಲು ಅಲ್ಲಿಗೆ ಹೋಗಿ, ಆಮೇಲೆ ಹೈಡ್ ಅವರ ಹತ್ತಿರ ಬರೋಣ.

ತಲಕಾಡು ಗಂಗರ ರಾಜಧಾನಿ. ಸುತ್ತಮುತ್ತಲ ಊರುಗಳಲ್ಲಿ ಗಂಗರ ಕಾಲದ ಕಲ್ಲುಗಳು ಧಾರಾಳ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿ. ನರಸೀಪುರ ಎರಡೂ ತಾಲೂಕುಗಳ ಶಾಸನಗಳಿವೆ. ಅದರಲ್ಲಿ ತಿ. ನರಸೀಪುರ 91 ಅಂತ ಸಂಖ್ಯೆ ಹಾಕಿರುವುದು ದೊಡ್ಡಹುಂಡಿಯ ಕಲ್ಲು. ಶಾಸನಾಸಕ್ತರಿಗೆ ಇದು ಹೊಸದಲ್ಲ. 9ನೆಯ ಶತಮಾನದ್ದು. ಗಂಗ ದೊರೆ ನೀತಿಮಾರ್ಗ ಪೆರ್ಮಾನಡಿ ತೀರಿಕೊಂಡ ಸಂದರ್ಭದ್ದು. ಮೇಲೆ ಚಿತ್ರ: ದೊರೆ ಮರಣಶಯ್ಯೆಯಲ್ಲಿದ್ದಾನೆ, ಒಬ್ಬ ಅವನನ್ನು ಹಿಡಿದುಕೊಂಡಿದ್ದಾನೆ, ಎದುರಿಗೆ ಮಗ ಸತ್ಯವಾಕ್ಯ ನಿಂತಿದ್ದಾನೆ.

ಆ ಹಿಡಿದುಕೊಂಡವನನ್ನು ನೋಡಿ. ಅವನ ಹೆಸರು ಅಗರಯ್ಯ. ಶಾಸನ ಅವನನ್ನು ಪೆರ್ಮಾನಡಿಯ 'ಮನೆಮಗತಿನ್' ಅಂತ ಕರೆಯುತ್ತದೆ. ಮನೆಯ ಮಗನಂಥವನು, ಅಂದರೆ ನಂಬಿಕೆಯ ಊಳಿಗದವನು. ಅವನು ಧಣಿಗೆ 'ಕೀಳ್ಗುಂಟೆ'ಯಾದ ಎಂದು ಕಲ್ಲು ಹೇಳುತ್ತದೆ. ಒಡೆಯನ ಸಮಾಧಿಯ ಕೆಳಗೆ ತಾನೂ ಹೂಳಿಸಿಕೊಳ್ಳುವುದು ಎಂದು ವಿದ್ವಾಂಸರು ಈ ಪದಕ್ಕೆ ಅರ್ಥ ಹೇಳುತ್ತಾರೆ. ಇದು ಯುದ್ಧದ ಸಾವಲ್ಲ, ನಿಜ. ನನಗೆ ಬೇಕಾದದ್ದು ಆ ಒಂದು ಮಾತು: ಮನೆಮಗ. ಸಂಬಳಕ್ಕೋ ಅನ್ನಕ್ಕೋ ದುಡಿಯುವವನು ಧಣಿಗಾಗಿ ಸತ್ತಾಗ ಕಲ್ಲಿನ ಮೇಲೆ ಅವನು ಆಳಾಗಿ ಉಳಿಯುವುದಿಲ್ಲ, ಮಗನಾಗುತ್ತಾನೆ. ಬದುಕಿದ್ದಾಗಲೂ ಅವನನ್ನು ಮಗನಂತೆ ನೋಡಿಕೊಂಡಿದ್ದರೇ ಎನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಕಲ್ಲು ಉತ್ತರ ಕೊಡುವುದಿಲ್ಲ.

ಇದೇ ಮಾತು ಸಿಕ್ಕುವ ಇನ್ನೊಂದು ಕಲ್ಲು ಬೆಂಗಳೂರಿನ ಬೇಗೂರಿನದು, ನಾಗೇಶ್ವರ ದೇವಾಲಯದಲ್ಲಿರುವುದು. ಬೆಂಗಳೂರು ಎಂಬ ಊರಹೆಸರಿಗೆ ಅತಿ ಹಳೆಯ ಆಧಾರ ಅಂತ ಎಲ್ಲರೂ ಅದರ ಫೋಟೊ ಹಾಕುತ್ತಾರೆ. ಸುಮಾರು ಕ್ರಿ.ಶ. 900ರದು. 'ಬೆಂಗಳೂರ ಕಾಳೆಗ' ಎಂಬ ಮಾತಿನ ಹತ್ತಿರ ಎಲ್ಲರ ಕಣ್ಣು ನಿಂತುಬಿಡುತ್ತದೆ. ಆ ಕಾಳೆಗದಲ್ಲಿ ಸತ್ತದ್ದು ಯಾರು? ಗಂಗರ ಅಧಿಕಾರಿ ನಾಗತ್ತರನ ಮಗ ಬುಟ್ಟಣ. ಜೊತೆಗೆ ನಾಗತ್ತರನ ಮನೆಮಗತಿ ಪೆರ್ವೋಣ ಸೆಟ್ಟಿ. ಊರಿನ ಹೆಸರನ್ನು ಹುಡುಕಿಕೊಂಡು ಬರುವ ನೂರು ಜನರಲ್ಲಿ ಸತ್ತವರ ಹೆಸರನ್ನು ನೆನಪಿಟ್ಟುಕೊಂಡು ಹೋಗುವವರು ಎಷ್ಟು ಮಂದಿಯೋ!

ಪೆರ್ವೋಣ ಸೆಟ್ಟಿ ನನಗೆ ಬಹಳ ಮುಖ್ಯ ಅನಿಸುತ್ತಾನೆ. ಸೆಟ್ಟಿ ಎಂಬುದು ವ್ಯಾಪಾರಿಗಳಿಗೆ ಹತ್ತಿದ ಹೆಸರು. ಹೆಸರಿನ ಕೊನೆಯಲ್ಲಿ ಸೆಟ್ಟಿ ಅಂತ ಇದ್ದಮಾತ್ರಕ್ಕೆ ಅವನು ಅಂಗಡಿ ಇಟ್ಟಿದ್ದ, ಬಡ್ಡಿಗೆ ಹಣ ಬಿಡುತ್ತಿದ್ದ ಅಂತ ಹೇಳಿಬಿಡಬಾರದು. ಆದರೂ ಒಬ್ಬ ಅಧಿಕಾರಿಯ ಮನೆಗೆ ಸೇರಿದ ಸೆಟ್ಟಿಯೊಬ್ಬ ಕಾಳೆಗದಲ್ಲಿ ಸತ್ತ, ಅವನ ಹೆಸರು ಒಡೆಯನ ಸ್ವಂತ ಮಗನ ಹೆಸರಿನ ಜೊತೆಗೇ ಒಂದೇ ಕಲ್ಲಿಗೆ ಬಂತು ಎನ್ನುವುದು ಸಣ್ಣ ಸಂಗತಿಯಲ್ಲ. ಮಗ ಬೇರೆ, ಮನೆಮಗ ಬೇರೆ. ಸಾವು ಮಾತ್ರ ಒಂದೇ. ಕಲ್ಲು ಇಬ್ಬರ ವಿಷಯದಲ್ಲೂ ಅಲಂಕಾರವಿಲ್ಲದೆ ಸತ್ತರು ಅಂತಲೇ ಹೇಳುತ್ತದೆ. ಸುರಲೋಕಪ್ರಾಪ್ತ, ಸ್ವರ್ಗಸ್ಥ ಎಂಬ ದೊಡ್ಡ ಮಾತುಗಳಿಲ್ಲ.

ಇನ್ನು ಇಂಥ ಸಾವಿಗೆ ಕೊಡುವುದು ಏನು? ಇಲ್ಲಿ ನಮ್ಮ ಶಾಸನಗಳ ಪದಸಂಪತ್ತು ನೋಡಬೇಕು. ಕಲ್ಲು ನಿಲ್ಲಿಸಿದಾಗ ಜೊತೆಗೆ ಬಿಟ್ಟ ಭೂಮಿ 'ಕಲ್ನಾಡು'. ವೀರನ ಕತ್ತಿ ತೊಳೆದು ಕೊಟ್ಟದ್ದು 'ಬಾಳ್ಗಚ್ಚು'. ಹರಿದ ರಕ್ತಕ್ಕೆ ಪ್ರತಿಯಾಗಿ ಕೊಟ್ಟದ್ದು 'ನೆತ್ತರುಗೊಡಗೆ'. ಈ ಮೂರನ್ನೂ 'ದಾನ' ಎಂಬ ಒಂದೇ ಪದದಲ್ಲಿ ಅನುವಾದ ಮಾಡಿ ಮುಗಿಸುವವರಿದ್ದಾರೆ, ಅದು ನನಗೆ ಸರಿ ಕಾಣುವುದಿಲ್ಲ. ದಾನಕ್ಕೆ ಪುಣ್ಯ ಬರುತ್ತದೆ. ಕೊಡಗೆ ಕೊಟ್ಟವನು ಬಾಕಿ ತೀರಿಸುತ್ತಿದ್ದಾನೆ.

ಬೇಗೂರಿನದೇ ಇನ್ನೊಂದು ಕಲ್ಲು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ದೊಡ್ಡ ವೀರಗಲ್ಲು, ಇದನ್ನು ಚೆನ್ನಾಗಿ ತೋರಿಸುತ್ತದೆ. ಎರೆಯಪ್ಪನ ಅಪ್ಪಣೆಯಂತೆ ಅಯ್ಯಪದೇವನ ನೆರವಿಗೆ ಹೋಗಿ, ವೀರಮಹೇಂದ್ರನ ಮೇಲೆ ತುಂಬೆಪಾಡಿಯಲ್ಲಿ ಕಾದಿ ನಾಗತ್ತರ ಸತ್ತ. ಅದನ್ನು ಕೇಳಿದ ಎರೆಯಪ್ಪ ಇರುಗನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಸತ್ತವನ ಜಾಗ ಖಾಲಿ ಬಿಡಲಿಲ್ಲ, ಊರುಗಳನ್ನೂ ಬರೆದುಕೊಟ್ಟ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ ಬಾಳ್ಗಚ್ಚಿನ ಮಾತಿದೆ. ತಕ್ಕೋಲದ ಕದನದಲ್ಲಿ ಕಾದಿದ ಮಣಲೇರನಿಗೆ ಬೂತುಗ ಆತಕೂರು ಹನ್ನೆರಡನ್ನು ಬಾಳ್ಗಚ್ಚುಗೊಟ್ಟ. ಇದು ಶಕ 872, ಅಂದರೆ ಕ್ರಿ.ಶ. 949-50. ಅದೇ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನೂ ನೆನೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ನಾಯಿಗೂ ಕಲ್ಲು, ಪೂಜೆಗೆ ಭೂಮಿ. ನಮ್ಮವರ ಕೃತಜ್ಞತೆ ಅಷ್ಟರ ಮಟ್ಟಿಗೆ ಲೆಕ್ಕಾಚಾರದ್ದಾಗಿತ್ತು, ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇನೆ.

ಹಾಗಾಗಿ ಸ್ಮಾರಕಶಾಸನವೊಂದನ್ನು ಎದುರಿಟ್ಟುಕೊಂಡರೆ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇವು: ಸತ್ತವನನ್ನು ಏನೆಂದು ಕರೆದಿದ್ದಾರೆ, ಯಾವ ಕ್ರಿಯಾಪದ ಬಳಸಿದ್ದಾರೆ, ಕಲ್ಲು ನಿಲ್ಲಿಸಿದವರು ಯಾರು, ಹಿಂದೆ ಉಳಿದವರಿಗೆ ಏನು ಕೊಟ್ಟರು. ಈಗ ಹಾಂಗ್‌ಕಾಂಗಿಗೆ ಹೋಗೋಣ.

1941ರ ಡಿಸೆಂಬರ್ 8ರಂದು ಜಪಾನ್ ಹಾಂಗ್‌ಕಾಂಗಿನ ಮೇಲೆ ಬಿತ್ತು. 25ರಂದು, ಕ್ರಿಸ್‌ಮಸ್ ದಿನ, ಬ್ರಿಟಿಷರು ಶರಣಾದರು. ಬ್ರಿಟಿಷ್ ನಾಗರಿಕರನ್ನೆಲ್ಲ ಸ್ಟ್ಯಾನ್ಲಿಯ ಶಿಬಿರಕ್ಕೆ ತುಂಬಿದರು. ಆದರೆ ಬ್ಯಾಂಕಿನ ಕೆಲವು ಅಧಿಕಾರಿಗಳನ್ನು ಮಾತ್ರ ಹೊರಗೆ ಇಟ್ಟುಕೊಂಡರು. ಕರುಣೆಯಿಂದಲ್ಲ, ಅವರ ಕೈ ಬೇಕಿತ್ತು. ತಮ್ಮದೇ ಬ್ಯಾಂಕನ್ನು ತಾವೇ ಮುಚ್ಚುವ ಕೆಲಸ ಅವರ ಪಾಲಿಗೆ ಬಂತು. ಸುನ್ ವಾ ಎಂಬ ಸಣ್ಣ ಹೋಟೆಲಿನಲ್ಲಿ ಅವರನ್ನು ಇಟ್ಟು, ದಿನಾ ಅಲ್ಲಿಂದ ಬ್ಯಾಂಕಿಗೆ ಕರೆದೊಯ್ಯುತ್ತಿದ್ದರು.

ಬ್ಯಾಂಕಿನ ಖಜಾನೆಯಲ್ಲಿ ಇನ್ನೂ ಚಲಾವಣೆಗೆ ಬಾರದ, ಸಹಿಯಿಲ್ಲದ ನೋಟುಗಳಿದ್ದವು. ಅವುಗಳಿಗೆ ಜಪಾನೀಯರು ಬಲವಂತದಿಂದ ಸಹಿ ಹಾಕಿಸಿದರು. ಹೀಗೆ ಹೊರಬಿದ್ದ ನೋಟುಗಳ ಮೊತ್ತ ಸುಮಾರು 11.9 ಕೋಟಿ ಹಾಂಗ್‌ಕಾಂಗ್ ಡಾಲರ್. ಹಿಂದೆ ಬೆಂಬಲದ ಹಣವಿಲ್ಲದ, ಬಂದೂಕಿನ ಮುಂದೆ ಹುಟ್ಟಿದ ನೋಟುಗಳು. ಶಾಸನ ಓದುವ ನಮಗೆ 'ಒಪ್ಪ' ಎಂದರೆ ಏನೆಂದು ಗೊತ್ತು. ತಾಮ್ರಪಟದ ಕೊನೆಯಲ್ಲಿ ದೊರೆಯ ಒಪ್ಪ ಬಿದ್ದರೆ ಮಾತು ನಿಂತಿತು ಅಂತ. ಬಲವಂತದ ಒಪ್ಪಕ್ಕೆ ಬೆಲೆಯಿದೆಯೇ? ಯುದ್ಧ ಮುಗಿದ ಮೇಲೆ, 1946ರಲ್ಲಿ, ಬ್ಯಾಂಕ್ ಆ ನೋಟುಗಳನ್ನು ತನ್ನವೇ ಎಂದು ಒಪ್ಪಿಕೊಂಡಿತು.

ಹಗಲೆಲ್ಲ ಶತ್ರುವಿನ ಲೆಕ್ಕ ಬರೆದ ಈ ನೌಕರರು ಇನ್ನೊಂದು ಕೆಲಸವನ್ನೂ ಗುಟ್ಟಾಗಿ ಮಾಡುತ್ತಿದ್ದರು. ಶಿಬಿರದಲ್ಲಿ ಹಸಿದವರಿಗೆ, ರೋಗಿಗಳಿಗೆ ಹಣ, ಔಷಧಿ ಮುಟ್ಟಿಸುವುದು. ಬ್ಯಾಂಕಿನ ಮುಖ್ಯಸ್ಥ ಸರ್ ವ್ಯಾಂಡಲರ್ ಗ್ರೇಬರ್ನ್ ಹೀಗೆ ಕಳಿಸಿದ ಹಣ ಒಬ್ಬ ವೈದ್ಯರ ಹತ್ತಿರ ಸಿಕ್ಕಿಬಿತ್ತು. ಕಳಿಸಿದವನು ನಾನು ಎಂದು ಗ್ರೇಬರ್ನ್ ತಾವೇ ಹೊಣೆ ಹೊತ್ತರು. 1943ರ ಮಾರ್ಚಿನಲ್ಲಿ ಸೆರೆ, ಆಗಸ್ಟಿನಲ್ಲಿ ಸ್ಟ್ಯಾನ್ಲಿ ಜೈಲಿನಲ್ಲೇ ಸಾವು. ಹೊಟ್ಟೆಗೆ ಸರಿಯಾದ ಆಹಾರವಿಲ್ಲದೆ ಸತ್ತರು. ಅವರ ಕೆಳಗಿನ ಡೇವಿಡ್ ಎಡ್ಮಂಡ್‌ಸ್ಟನ್ ಕೂಡ ಅದೇ ಜೈಲಿನಲ್ಲಿ 1944ರಲ್ಲಿ ತೀರಿಕೊಂಡರು.

ಹೈಡ್ ಇನ್ನೂ ಮುಂದೆ ಹೋಗಿದ್ದರು. ಚೀನಾದ ಒಳನಾಡಿನಿಂದ ಕೆಲಸ ಮಾಡುತ್ತಿದ್ದ ಬ್ರಿಟಿಷರ ಗುಪ್ತದಳಕ್ಕೆ ಸುದ್ದಿ ಮುಟ್ಟಿಸುತ್ತಿದ್ದರು. ಅದನ್ನು ಕಟ್ಟಿದವರು ಲಿಂಡ್ಸೆ ರೈಡ್, ಸೆರೆಶಿಬಿರದಿಂದ ತಪ್ಪಿಸಿಕೊಂಡು ಹೋದ ವೈದ್ಯ ಪ್ರಾಧ್ಯಾಪಕ. ಹೈಡ್ ಸಿಕ್ಕಿಬಿದ್ದರು, ಚಿತ್ರಹಿಂಸೆ ಅನುಭವಿಸಿದರು. ಅಕ್ಟೋಬರ್ 29ರಂದು ಅವರ ಜೊತೆ ಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಬ್ರಿಟಿಷರು, ಚೀನೀಯರು, ಭಾರತೀಯರು. ಅವರಲ್ಲಿ ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿ ಒಬ್ಬರು. ರಜಪೂತ್ ರೆಜಿಮೆಂಟಿನ 5ನೆಯ ಬೆಟಾಲಿಯನ್ನಿನವರು, ಹೈದರಾಬಾದ್ ಸಂಸ್ಥಾನದವರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಸೇರಿದ್ದ ಸಂಸ್ಥಾನ ಅದು. ಬ್ರಿಟಿಷರ ಕಡೆ ಬಿಟ್ಟು ತಮ್ಮ ಕಡೆ ಬಾ ಅಂತ ಜಪಾನೀಯರು ಹಸಿವಿನಿಂದ, ಹೊಡೆತದಿಂದ ಪೀಡಿಸಿದರೂ ಅನ್ಸಾರಿ ಒಪ್ಪಲಿಲ್ಲ. ಅವರಿಗೆ ಮರಣೋತ್ತರ ಜಾರ್ಜ್ ಕ್ರಾಸ್ ಬಂತು. ಜೋಳವಾಳಿ, ಲೆಂಕವಾಳಿ ಅಂತ ನಾವು ಹೊಯ್ಸಳರ ಕಾಲದ ನಿಷ್ಠೆಯನ್ನು ವಿವರಿಸುತ್ತೇವಲ್ಲ, ಉಂಡ ಅನ್ನಕ್ಕೆ ತಪ್ಪದಿರುವುದು ಅಂತ, ಅದು ಇಲ್ಲಿ ಸೈನಿಕನಲ್ಲೂ ಇದೆ, ಬ್ಯಾಂಕಿನ ಗುಮಾಸ್ತಗಿರಿ ಮಾಡಿದವನಲ್ಲೂ ಇದೆ. ವ್ಯತ್ಯಾಸ ಒಂದೇ. ಹಳೇಬೀಡಿನ ಸ್ತಂಭಶಾಸನದ ಕುವರಲಕ್ಷ್ಮ ತನ್ನ ದೊರೆ ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟ. ಹೈಡ್ ಪ್ರಾಣ ಕೊಟ್ಟದ್ದು ಬ್ಯಾಂಕಿನ ಲಾಭಕ್ಕಲ್ಲ, ಒಡೆಯನ ಜೀವಕ್ಕೂ ಅಲ್ಲ. ಬೇಲಿಯಾಚೆ ಇದ್ದ, ಅವರಲ್ಲಿ ಎಷ್ಟೋ ಮಂದಿ ಮುಖಪರಿಚಯವೂ ಇರದ ಜನಕ್ಕೆ.

ಸ್ಟ್ಯಾನ್ಲಿಯ ಸೈನಿಕ ಸ್ಮಶಾನದ ಕಲ್ಲುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಶಿಬಿರದಲ್ಲಿ ಸತ್ತವರಿಗೆ ಅಲ್ಲಿದ್ದ ಬಂದಿಗಳೇ ಸಿಕ್ಕಿದ ಗ್ರಾನೈಟ್ ತುಂಡುಗಳ ಮೇಲೆ ಕೈಯಾರೆ ಅಕ್ಷರ ಕೊರೆದರು. ರೂವಾರಿಗಳಲ್ಲ, ಕಲ್ಲುಕುಟಿಗರಲ್ಲ. ಗುಮಾಸ್ತರು, ಮೇಷ್ಟ್ರುಗಳು, ಪೊಲೀಸರು. ಆಮೇಲೆ ಯುದ್ಧಸಮಾಧಿ ಆಯೋಗ ನೆಟ್ಟ ಒಂದೇ ಅಳತೆಯ ಕಲ್ಲುಗಳ ಪಕ್ಕದಲ್ಲಿ ಇವು ಅಂಕುಡೊಂಕಾಗಿ ಕಾಣುತ್ತವೆ. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲೂ ಹೀಗೆ ಒರಟು ಕೈಯಿನ ಅಕ್ಷರಗಳಿರುತ್ತವೆ. ಪಂಕ್ತಿ ಜಾರಿರುತ್ತದೆ, ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅಂಚಿಗೆ ಏರಿರುತ್ತದೆ. ಅಂಥವನ್ನು 'ಭ್ರಷ್ಟಪಾಠ' ಅಂತ ಬದಿಗೆ ಸರಿಸುವ ಮುನ್ನ ಕೊರೆದವನ ಅವಸ್ಥೆ ಏನಿತ್ತು ಎಂದು ಯೋಚಿಸುವುದು ಒಳ್ಳೆಯದು.

ಹಿಂದೆ ಉಳಿದವರ ಮಾತು. ಹೈಡ್ ಅವರ ಹೆಂಡತಿ ಮತ್ತು ಎಳೆಯ ಮಗ ಸ್ಟ್ಯಾನ್ಲಿ ಶಿಬಿರದಲ್ಲೇ ಇದ್ದರು. ಗಂಡ ಹೋದ ಮೇಲೆ ಆಕೆಯೂ ಕಾಯಿಲೆಯಿಂದ ಶಿಬಿರದಲ್ಲೇ ತೀರಿಕೊಂಡರು. ಮಗುವನ್ನು ಸಾಕಿಕೊಂಡವರು ಮೇರಿ ಗ್ರೇಬರ್ನ್, ಜೈಲಿನಲ್ಲಿ ಸತ್ತ ಆ ಮುಖ್ಯಸ್ಥರ ಹೆಂಡತಿ. ದೊಡ್ಡಹುಂಡಿಯಲ್ಲಿ, ಬೇಗೂರಿನಲ್ಲಿ 'ಮನೆಮಗ' ಎಂಬುದು ಊಳಿಗದವನಿಗೆ ಕೊಟ್ಟ ಗೌರವದ ಮಾತು. ಇಲ್ಲಿ ನೌಕರನ ಮಗ ನಿಜವಾಗಿಯೇ ಒಡೆಯನ ಮನೆಯ ಮಗನಾದ. ನೆತ್ತರುಗೊಡಗೆಗೆ ಇದಕ್ಕಿಂತ ದೊಡ್ಡ ರೂಪ ನನಗೆ ತೋಚುವುದಿಲ್ಲ. ಆದರೆ ಇದನ್ನು ಯಾವ ಕಂಪನಿಯ ನಿಯಮವೂ ಮಾಡಿಸಲಿಲ್ಲ. ವಿಧವೆಯೊಬ್ಬಳು ಮಾಡಿದಳು.

ಬ್ಯಾಂಕುಗಳು ಮಾಡಿದ್ದು ಏನು? ಮೊದಲ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನ ಬ್ಯಾಂಕುಗಳೆಲ್ಲ ಪೈಪೋಟಿಯ ಮೇಲೆ ಸ್ಮಾರಕ ಮಾಡಿಸಿದವು. ಗುಮಾಸ್ತರು ಸಾಲುಸಾಲಾಗಿ ಸೈನ್ಯಕ್ಕೆ ಸೇರಿದ್ದರು. ಬ್ಯಾಂಕ್ ಆಫ್ ಇಂಗ್ಲೆಂಡ್ 1921ರಲ್ಲಿ ತನ್ನ ಒಳಾಂಗಣದ ತೋಟದಲ್ಲಿ ಸಂತ ಕ್ರಿಸ್ಟೋಫರನ ಪ್ರತಿಮೆ ನಿಲ್ಲಿಸಿತು. ಶಿಲ್ಪಿ ರಿಚರ್ಡ್ ಗೌಲ್ಡನ್. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಸಂತ ಅವನು. ನಮ್ಮ ವೀರಗಲ್ಲಿನ ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಮೇಲಕ್ಕೆ ಹೋಗುತ್ತಾರಲ್ಲ, ಅದೇ ಕೆಲಸ: ಈ ದಡದಿಂದ ಆ ದಡಕ್ಕೆ. ಇಂಥ ಸ್ಮಾರಕಗಳಲ್ಲಿ ಶಾಪಾಶಯ ಮಾತ್ರ ಇರುವುದಿಲ್ಲ. ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು ಅಂತ ಒಂದು ಸಾಲು ಸೇರಿಸಿದ್ದರೆ ಚೆನ್ನಾಗಿತ್ತು. ಕಂಚಿಗಂತೂ ಅದು ಬೇಕಿತ್ತು. ಹಾಂಗ್‌ಕಾಂಗ್ ಬ್ಯಾಂಕಿನ ಬಾಗಿಲಲ್ಲಿ ಕೂತಿರುವ ಸ್ಟೀಫನ್, ಸ್ಟಿಟ್ ಎಂಬ ಎರಡು ಕಂಚಿನ ಸಿಂಹಗಳನ್ನು ಯುದ್ಧದಲ್ಲಿ ಕರಗಿಸಲೆಂದು ಜಪಾನಿಗೆ ಸಾಗಿಸಿದ್ದರು. ಕರಗಿಸುವ ಮೊದಲೇ ಯುದ್ಧ ಮುಗಿಯಿತು, ಸಿಂಹಗಳು ಹಿಂದಿರುಗಿದವು. ಮೈಮೇಲೆ ಗುಂಡಿನ ಗಾಯಗಳು ಇವತ್ತಿಗೂ ಇವೆ.

ಈಗ ನಮ್ಮ ಊರುಗಳ ಕಡೆ ನೋಡಿ. ಮೊದಲ ಮಹಾಯುದ್ಧದ ನಂತರ ಬ್ರಿಟಿಷ್ ಇಂಡಿಯಾದ ಬಹಳಷ್ಟು ಹಳ್ಳಿಗಳಲ್ಲಿ ಒಂದೇ ಅಚ್ಚಿನ ಕಲ್ಲುಹಲಗೆಗಳನ್ನು ಹಾಕಿಸಿದರು. ಒಕ್ಕಣೆ ಒಂದೇ: ಈ ಊರಿನಿಂದ ಇಷ್ಟು ಜನ 1914-1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಹೆಸರಿಲ್ಲ, ಸಂಖ್ಯೆ ಮಾತ್ರ. ಸಾವಿರ ವರ್ಷ ಹಿಂದೆ ಒಂದು ಹಳ್ಳಿಯಲ್ಲಿ ತುರುಗೋಳಿನಲ್ಲಿ ಸತ್ತವನ ಹೆಸರು, ಅವನ ತಂದೆಯ ಹೆಸರು, ಕಲ್ಲು ನಿಲ್ಲಿಸಿದವನ ಹೆಸರು ನಮಗೆ ಸಿಗುತ್ತವೆ. ನೂರು ವರ್ಷದ ಹಿಂದೆ ಸಮುದ್ರ ದಾಟಿ ಹೋಗಿ ಸತ್ತವನ ಹೆಸರನ್ನು ಅವನ ಊರಿನ ಕಲ್ಲೇ ಹೇಳುವುದಿಲ್ಲ. ಇದೇ ಕಾಲದಲ್ಲಿ ಯುದ್ಧಸಮಾಧಿ ಆಯೋಗ (1917ರಲ್ಲಿ ಹುಟ್ಟಿದ್ದು) ಅಧಿಕಾರಿ ಎನ್ನದೆ ಸಿಪಾಯಿ ಎನ್ನದೆ ಎಲ್ಲರಿಗೂ ಸಮಾನ ಕಲ್ಲು ಅಂತ ಸಾರಿತ್ತು. ಸಾರಿದ್ದು ಒಂದು, ನಮ್ಮ ಹಳ್ಳಿಗಳಿಗೆ ಬಂದದ್ದು ಇನ್ನೊಂದು. ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಗಳಲ್ಲಿ ಇಪ್ಪತ್ತನಾಲ್ಕು ಸಾವಿರದಷ್ಟು ಹೆಸರುಗಳಿವೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಮೈಸೂರು ಸಂಸ್ಥಾನದ ಕಾಲ್ದಳವೂ ಅಲ್ಲಿತ್ತು. ಅಲ್ಲಿಗೆ ಹೋದ ಕನ್ನಡಿಗರು ಆ ಗೋಡೆಯನ್ನು ನಮ್ಮ ಶಾಸನ ಅಂತ ಓದಿಕೊಂಡು ಬರಬಹುದು.

ಬ್ಯಾಂಕುಗಳ ವಿಷಯಕ್ಕೆ ಮತ್ತೆ ಬಂದರೆ, ಕರ್ನಾಟಕದಷ್ಟು ಬ್ಯಾಂಕ್ ಹುಟ್ಟಿಸಿದ ನಾಡು ಕಡಿಮೆ. ಕೆನರಾ, ಕಾರ್ಪೊರೇಷನ್ 1906ರವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಯಿತು. ಅದಕ್ಕೆ ವರ್ಷ ತುಂಬುವ ಮೊದಲೇ ಮೊದಲ ಮಹಾಯುದ್ಧ ಬಂತು. ಸಿಂಡಿಕೇಟ್ 1925, ವಿಜಯಾ 1931. ಈ ಐದರಲ್ಲಿ ಈಗ ಸ್ವಂತ ಹೆಸರಿನಲ್ಲಿ ಉಳಿದದ್ದು ಕೆನರಾ ಒಂದೇ. ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು, ವಿಜಯಾ 2019ರ ಅದೇ ದಿನ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಅದೇ ದಿನ ಬೇರೆ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ ಅಂತ ಜನರ ಬಾಯಲ್ಲಿ ಹೆಸರು ಉಳಿದಿದೆ. ಬಾಯಿಮಾತು ಕೆಲವೊಮ್ಮೆ ಫಲಕಕ್ಕಿಂತ ಗಟ್ಟಿ.

ವಿಲೀನವೆಂದರೆ ಹೊರಗಿನ ಬೋರ್ಡು ಬದಲಾಗುವುದಷ್ಟೇ ಅಲ್ಲ. ಒಳಗೆ ಗೋಡೆಗೆ ಹೊಡೆದ ಹಿತ್ತಾಳೆ ತಗಡು, ಅಮೃತಶಿಲೆಯ ಉದ್ಘಾಟನಾ ಫಲಕ, ಮೆಟ್ಟಿಲ ಹತ್ತಿರ ಇರುವ ಹೆಸರುಗಳ ಪಟ್ಟಿ, ಕೆಲಸದ ಮೇಲಿರುವಾಗ ಸತ್ತ ಸಿಬ್ಬಂದಿಯ ಭಾವಚಿತ್ರ ಇವೆಲ್ಲ ಕಟ್ಟಡ ನವೀಕರಣದ ಗುತ್ತಿಗೆದಾರನ ಕೈಗೆ ಬೀಳುತ್ತವೆ. ಹಿತ್ತಾಳೆಗೆ ತೂಕದ ಬೆಲೆ ಇದೆ. ಸಾವಿರ ವರ್ಷದ ವೀರಗಲ್ಲು ಚರಂಡಿಯ ಚಪ್ಪಡಿಯಾದದ್ದನ್ನು ಕಂಡು ನಾವು ಫೋಟೊ ಹಾಕಿ ಸಿಟ್ಟಾಗುತ್ತೇವೆ. ಐವತ್ತು ವರ್ಷದ ಫಲಕ ಗುಜರಿಗೆ ಹೋದರೆ ಅದು ನಮ್ಮ ಕೆಲಸವಲ್ಲ ಅಂತ ಸುಮ್ಮನಿರುತ್ತೇವೆ. ದೊಡ್ಡಹುಂಡಿಯ ಕಲ್ಲನ್ನೂ ಯಾರೋ ಒಬ್ಬರು ಅದು ಹೊಸದಾಗಿದ್ದಾಗಲೇ ಕೆಡವಿದ್ದರೆ ಅಗರಯ್ಯ ನಮಗೆ ಸಿಗುತ್ತಿದ್ದನೇ?

ನಿಮ್ಮೂರಿನ ಹಳೆಯ ಬ್ಯಾಂಕ್ ಶಾಖೆ, ಅಂಚೆ ಕಚೇರಿ, ರೈಲು ನಿಲ್ದಾಣ, ತಾಲೂಕು ಕಚೇರಿಯ ಒಳಗೆ ಇಂಥ ಫಲಕ ಕಂಡರೆ, ಮ್ಯಾನೇಜರಿಗೆ ಒಂದು ಮಾತು ಹೇಳಿ, ಶಾಸನ ನಕಲು ಮಾಡುವ ಶಿಸ್ತಿನಲ್ಲೇ ಬರೆದುಕೊಳ್ಳಿ. ಪಂಕ್ತಿ ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಿರಿ. ಕಾಗುಣಿತ ತಪ್ಪಿದ್ದರೆ ತಿದ್ದಬೇಡಿ. ಹೆಸರುಗಳು ಹುದ್ದೆಯ ಕ್ರಮದಲ್ಲಿವೆಯೋ ಅಕಾರಾದಿಯಲ್ಲಿವೆಯೋ ಗುರುತು ಮಾಡಿ. ಜವಾನ, ಕಾವಲುಗಾರರ ಹೆಸರೂ ಪಟ್ಟಿಯಲ್ಲಿದೆಯೇ ನೋಡಿ. ಫಲಕ ಹಾಕಿಸಿದವರು ಆಡಳಿತ ಮಂಡಳಿಯವರೋ, ನೌಕರರ ಸಂಘವೋ, ಸಹೋದ್ಯೋಗಿಗಳು ಚಂದಾ ಎತ್ತಿ ಮಾಡಿಸಿದ್ದೋ ಅದನ್ನು ಬರೆಯಿರಿ. 'ಮಡಿದರು', 'ಹುತಾತ್ಮರಾದರು', 'ಅಗಲಿದರು' ಈ ಕ್ರಿಯಾಪದಗಳಲ್ಲಿ ಯಾವುದನ್ನು ಬಳಸಿದ್ದಾರೆ ಎನ್ನುವುದನ್ನು ಬಿಡಬೇಡಿ. ಬೇಗೂರಿನ ಕಲ್ಲು ಪೆರ್ವೋಣ ಸೆಟ್ಟಿಯ ಬಗ್ಗೆ ಬರೀ ಸತ್ತ ಅಂತ ಹೇಳಿತು, ಯಾವ ಕಾಳೆಗದಲ್ಲಿ, ಯಾರ ಮನೆಯವನಾಗಿ ಅಂತ ಹೇಳಿತು. ಅಷ್ಟರಿಂದಲೇ ಹನ್ನೊಂದು ಶತಮಾನ ಕಳೆದ ಮೇಲೂ ಅವನನ್ನು ಹೆಸರು ಹಿಡಿದು ಕರೆಯಲು ಆಗುತ್ತಿದೆ.